ಹಳೆ ಲ್ಯಾಪ್‌ಟಾಪ್, ಹಳೆ ಸಾಫ್ಟ್‌ವೇರ್: ಮಗಳ ಸ್ಟಾಪ್ ಮೋಷನ್ ಆಸೆಗೆ ಇಷ್ಟು ಸಾಕೇ?

ಪ್ರಶ್ನೆ: ಮಗಳಿಗೆ ಒಂಬತ್ತೂವರೆ ವರ್ಷ. ಮಣ್ಣಿನ ಗೊಂಬೆ ತಾನಾಗಿ ನಡೆದಾಡುವ ವಿಡಿಯೊ ಒಂದನ್ನು ನೋಡಿದಾಗಿನಿಂದ ತಾನೂ ಅಂಥದ್ದು ಮಾಡಬೇಕು ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿರುವುದು ವಿಂಡೋಸ್ 7ರ, 2 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್. ಜೊತೆಗೊಂದು ಹಳೆ ವೆಬ್‌ಕ್ಯಾಮ್. ಸಂಬಂಧಿಕರೊಬ್ಬರು ಹಿಂದೆ ಹಾಕಿಕೊಟ್ಟಿದ್ದ ಮಂಕಿಜ್ಯಾಮ್ ಎಂಬ ಅನಿಮೇಷನ್ ಪ್ರೋಗ್ರಾಂ ಮತ್ತು ವಿಡಿಯೊ ಜೋಡಿಸುವ ವಿಂಡೋಸ್ ಮೂವಿ ಮೇಕರ್ ಅದರಲ್ಲಿವೆ. ಮಂಕಿಜ್ಯಾಮ್ ತೆರೆದರೆ ವೆಬ್‌ಕ್ಯಾಮ್ ಚಿತ್ರ ಒಮ್ಮೆ ಬರುತ್ತದೆ, ಒಮ್ಮೆ ಬರೀ ಕಪ್ಪು. ಫೋನಿನಲ್ಲಿ ತೆಗೆದ 80 ಫೋಟೊಗಳನ್ನು ಮೂವಿ ಮೇಕರ್‌ಗೆ ಹಾಕಿದರೆ ಲ್ಯಾಪ್‌ಟಾಪ್ ನಿಂತೇಹೋಯಿತು. ಹೇಗೋ ತೆರೆದುಕೊಂಡಾಗ ಒಂದೊಂದು ಫೋಟೊ 7 ಸೆಕೆಂಡು ನಿಲ್ಲುತ್ತಿತ್ತು. ಅದನ್ನು ಸರಿಮಾಡಿದರೆ ಚಿತ್ರವಿಡೀ ಮಿಂಚು ಹೊಡೆದ ಹಾಗೆ ಬೆಳಕು ಏರಿಳಿಯುತ್ತದೆ. ಮಂಕಿಜ್ಯಾಮ್‌ನಿಂದ ಬಂದ ಎವಿಐ ಫೈಲ್ ಫೋನಿನಲ್ಲಿ ಓಡುವುದಿಲ್ಲ. ಕಂಪ್ಯೂಟರ್ ಅಂಗಡಿಯವರು, ‘ಇದೆಲ್ಲ ಔಟ್‌ಡೇಟೆಡ್, 60 ಸಾವಿರದ ಲ್ಯಾಪ್‌ಟಾಪ್ ತಗೊಳ್ಳಿ, ಈಗಿನ ಸಾಫ್ಟ್‌ವೇರ್ ಹಾಕಿಕೊಡ್ತೀವಿ’ ಎನ್ನುತ್ತಾರೆ. ಹಳೆಯದರಲ್ಲೇ ಕಲಿತರೆ ತಪ್ಪು ಅಭ್ಯಾಸ ಆಗುತ್ತದೆಯೇ? ಇದರಲ್ಲಿ ವೈರಸ್ ಅಪಾಯ ಇದೆಯೇ? ಎಲ್ಲಿಂದ ಶುರುಮಾಡಲಿ?
— ಓದುಗರು, ಸಾಗರ

ಉತ್ತರ: ಲ್ಯಾಪ್‌ಟಾಪ್ ಈಗ ಕೊಳ್ಳಬೇಡಿ. ನೀವು ಬರೆದಿರುವ ತೊಂದರೆಗಳಲ್ಲಿ ಸಾಫ್ಟ್‌ವೇರ್ ಹಳೆಯದಾಗಿರುವುದರಿಂದಲೇ ಬಂದದ್ದು ಒಂದೇ ಒಂದು: ಎವಿಐ ಫೈಲ್ ಫೋನಿನಲ್ಲಿ ಓಡದಿರುವುದು. ಕಪ್ಪು ಪರದೆಗೆ ಕಾರಣ ಬಹುಮಟ್ಟಿಗೆ ಯುಎಸ್‌ಬಿ ಜೋಡಣೆ. ಲ್ಯಾಪ್‌ಟಾಪ್ ನಿಂತದ್ದು ಫೋಟೊಗಳ ಗಾತ್ರದಿಂದ. 7 ಸೆಕೆಂಡು ಎನ್ನುವುದು ಬದಲಿಸದೆ ಉಳಿದ ಒಂದು ಸೆಟ್ಟಿಂಗ್. ಮಿಂಚಿನಂಥ ಏರಿಳಿತ ಕ್ಯಾಮೆರಾದ್ದು ಮತ್ತು ಕೋಣೆಯ ಬೆಳಕಿನದ್ದು. 60 ಸಾವಿರದ ಲ್ಯಾಪ್‌ಟಾಪ್ ತಂದರೂ ಆ ಮಿಂಚು ಅದರಲ್ಲಿಯೂ ಹಾಗೇ ಇರುತ್ತದೆ.

ಗೊಂಬೆಯನ್ನು ತುಸುತುಸುವೇ ಸರಿಸುತ್ತ ಫೋಟೊ ತೆಗೆದು, ಅವನ್ನು ಸಾಲಾಗಿ ಓಡಿಸುವುದೇ ಸ್ಟಾಪ್ ಮೋಷನ್. ಅದರಲ್ಲಿ ಸಿನಿಮಾ ಇರುವುದು ಫೋಟೊಗಳಲ್ಲಿ. ಸಾಫ್ಟ್‌ವೇರ್ ಮಾಡುವ ಮುಖ್ಯ ಕೆಲಸಗಳು ಎರಡು. ಹಿಂದಿನ ಫ್ರೇಮನ್ನು, ಅಂದರೆ ಹಿಂದಿನ ಫೋಟೊವನ್ನು, ತೆಳುವಾಗಿ ತೋರಿಸಿ ಗೊಂಬೆ ಎಷ್ಟು ಸರಿದಿದೆ ಎಂದು ತಿಳಿಸುವುದು ಒಂದು. ಇದಕ್ಕೆ ಆನಿಯನ್ ಸ್ಕಿನ್ ಎನ್ನುತ್ತಾರೆ. ತೆಗೆದ ಫೋಟೊಗಳನ್ನು ಹೇಳಿದ ವೇಗದಲ್ಲಿ ಸಾಲಾಗಿ ಓಡಿಸುವುದು ಇನ್ನೊಂದು. ಮಂಕಿಜ್ಯಾಮ್ ಎರಡನ್ನೂ ಮಾಡುತ್ತದೆ. ಪೆನ್ಸಿಲ್ ಚಿತ್ರಗಳ ಚಲನೆಯನ್ನು ಪರೀಕ್ಷಿಸಲು ಮತ್ತು ಸ್ಟಾಪ್ ಮೋಷನ್‌ಗೆಂದೇ ಮಾಡಿದ ಉಚಿತ ಪ್ರೋಗ್ರಾಂ ಅದು. ಅದರ ತೆರೆಯ ಮೇಲೆ ಕಾಣುವ ಉದ್ದನೆಯ ಕೋಷ್ಟಕ, ಅಂದರೆ ಎಕ್ಸ್‌ಪೋಷರ್ ಶೀಟ್, ಅನಿಮೇಷನ್ ಸ್ಟುಡಿಯೊಗಳಲ್ಲಿ ಕಾಗದದ ಕಾಲದಿಂದಲೂ ಬಳಕೆಯಲ್ಲಿರುವಂಥದ್ದು. ದೊಡ್ಡ ಚಿತ್ರಗಳಿಗೆ ಬಳಸುವ ಡ್ರ್ಯಾಗನ್‌ಫ್ರೇಮ್‌ನಲ್ಲೂ ಎಕ್ಸ್‌ಪೋಷರ್ ಶೀಟ್ ಇದೆ. ಯಾವ ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು ಎಂದು ಅದರಲ್ಲಿ ತುಂಬುವುದನ್ನು ನಿಮ್ಮ ಮಗಳು ಕಲಿತರೆ ಅದು ಮುಂದೆ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ. ತಪ್ಪು ಅಭ್ಯಾಸದ ಮಾತು ಇಲ್ಲಿ ಬರುವುದೇ ಇಲ್ಲ.

ವೈರಸ್ ಭಯಕ್ಕೆ ಮಾತ್ರ ಆಧಾರವಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ಕ್ರೋಮ್ ಬ್ರೌಸರ್ ಕೂಡ 2023ರಿಂದ ಈಚೆಗೆ ಅದಕ್ಕೆ ಹೊಸ ಆವೃತ್ತಿ ಕೊಡುತ್ತಿಲ್ಲ. ಇಂಥ ಯಂತ್ರದಲ್ಲಿ ಇಂಟರ್‌ನೆಟ್ ನೋಡುವುದು ಅಪಾಯ. ಆದರೆ ಈ ಕೆಲಸಕ್ಕೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ವೈಫೈ ಆಫ್ ಮಾಡಿಡಿ, ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವ ವೈಫೈ ಪಾಸ್‌ವರ್ಡನ್ನೂ ಅಳಿಸಿಬಿಡಿ. ಫೋಟೊಗಳನ್ನು ಕೇಬಲ್ ಮೂಲಕ ಸಾಗಿಸಿ. ಪೆನ್‌ಡ್ರೈವ್ ಆದರೆ ಈ ಕೆಲಸಕ್ಕೇ ಒಂದನ್ನು ಮೀಸಲಿಡಿ, ಜೆರಾಕ್ಸ್ ಅಂಗಡಿಗೆ ಹೋಗಿಬರುವ ಪೆನ್‌ಡ್ರೈವ್ ಬೇಡ.

ಇನ್ನೊಂದು ಎಚ್ಚರಿಕೆ. ಮೂವಿ ಮೇಕರ್‌ನ ಅಧಿಕೃತ ಡೌನ್‌ಲೋಡನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ನಿಲ್ಲಿಸಿತು. ಅದೇ ವರ್ಷ ಅದರ ಹೆಸರಿನಲ್ಲಿ ನಕಲಿ ಪ್ರೋಗ್ರಾಂ ಹರಿದಾಡಿತು: ಚಿತ್ರವೆಲ್ಲ ಜೋಡಿಸಿದ ಮೇಲೆ, ಸೇವ್ ಮಾಡಬೇಕಾದರೆ ದುಡ್ಡು ಕಟ್ಟಿ ಎನ್ನುತ್ತಿತ್ತು. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗಾಗಲೇ ಇರುವ ಮೂವಿ ಮೇಕರನ್ನು ಅಳಿಸಬೇಡಿ. ‘ಸ್ಲೋ ಆಗಿದೆ, ಫಾರ್ಮ್ಯಾಟ್ ಮಾಡಿಕೊಡ್ತೀವಿ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಒಮ್ಮೆ ಹೋದರೆ ಅದು ಮತ್ತೆ ಸಿಗುವುದು ಕಷ್ಟ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ‘ಕೊಡೆಕ್ ಪ್ಯಾಕ್’ ಹೆಸರಿನ ಉಚಿತ ಡೌನ್‌ಲೋಡ್, ಎರಡೂ ಬೇಡ. (ಕೊಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸುವ, ಮತ್ತೆ ಬಿಡಿಸುವ ವಿಧಾನ.)

ಕಪ್ಪು ಪರದೆ

ವೆಬ್‌ಕ್ಯಾಮ್ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಹೊಂದಿಸುವ ಪ್ರೋಗ್ರಾಂ) ಇದೆ, ಜೋಡಣೆ ಸರಿಯಿಲ್ಲ ಎಂದು ಬಹುಮಟ್ಟಿಗೆ ಅರ್ಥ. ಡ್ರೈವರ್ ಇಲ್ಲದಿದ್ದರೆ ಒಮ್ಮೆಯೂ ಬರುತ್ತಿರಲಿಲ್ಲ. ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ. ಪ್ರತಿಸಲವೂ ಅದೇ ಪೋರ್ಟ್ ಬಳಸಿ, ಏಕೆಂದರೆ ಹಳೆ ವಿಂಡೋಸ್ ಪೋರ್ಟ್ ಬದಲಾದಾಗ ಸಾಧನವನ್ನು ಹೊಸದೆಂದು ತಿಳಿದು ಮತ್ತೆ ಮೊದಲಿನಿಂದ ಡ್ರೈವರ್ ಹೊಂದಿಸಲು ಹೊರಡುತ್ತದೆ. ವೆಬ್‌ಕ್ಯಾಮ್ ಚುಚ್ಚಿ ಹತ್ತು ಸೆಕೆಂಡು ಬಿಟ್ಟು ಆಮೇಲೆ ಮಂಕಿಜ್ಯಾಮ್ ತೆರೆಯಿರಿ. ಸ್ಕೈಪ್‌ನಂಥ, ಕ್ಯಾಮೆರಾ ಹಿಡಿದುಕೊಳ್ಳುವ ಇನ್ನೊಂದು ಪ್ರೋಗ್ರಾಂ ಹಿಂದೆ ತೆರೆದಿದ್ದರೂ ಕಪ್ಪು ಬರುತ್ತದೆ. ಲ್ಯಾಪ್‌ಟಾಪ್‌ನ ಮುಚ್ಚಳದಲ್ಲೇ ಕ್ಯಾಮೆರಾ ಇದ್ದರೆ ಸಾಧನಗಳ ಪಟ್ಟಿಯಲ್ಲಿ ವೆಬ್‌ಕ್ಯಾಮ್ ಬದಲು ಅದೇ ಆಯ್ಕೆಯಾಗಿದೆಯೇ ನೋಡಿ, ಮುಚ್ಚಳದ ಕ್ಯಾಮೆರಾ ಮೇಲೆ ಕೆಲವರು ಅಂಟಿಸುವ ಟೇಪ್ ಕೂಡ ಕಪ್ಪನ್ನೇ ತೋರಿಸುತ್ತದೆ. ಕೊನೆಯದಾಗಿ ರೆಸಲ್ಯೂಷನನ್ನು 640×480ಕ್ಕೆ ಇಳಿಸಿ. ಹಳೆ ವೆಬ್‌ಕ್ಯಾಮ್‌ಗಳು ಅದಕ್ಕಿಂತ ದೊಡ್ಡದನ್ನು ಹೆಸರಿಗೆ ತೋರಿಸುತ್ತವೆ, ಚಿತ್ರ ಕಳಿಸುವಾಗ ಸೋಲುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಹೊಸ ವೆಬ್‌ಕ್ಯಾಮ್ ಕೊಳ್ಳಬಹುದು. ಆಗ ಡ್ರೈವರ್ ಸಿಡಿ ಬೇಡದ, ಯುವಿಸಿ ಮಾದರಿಯದ್ದನ್ನು ಕೇಳಿ ಪಡೆಯಿರಿ, ವಿಂಡೋಸ್ 7 ಅದನ್ನು ತಾನೇ ಗುರುತಿಸುತ್ತದೆ. ಲೆನ್ಸ್ ಸುತ್ತ ಕೈಯಿಂದ ತಿರುಗಿಸುವ ಫೋಕಸ್ ಉಂಗುರ ಇರುವ ಸಾದಾ ವೆಬ್‌ಕ್ಯಾಮ್ ಈ ಕೆಲಸಕ್ಕೆ ಆಟೊಫೋಕಸ್ ಇರುವ ದುಬಾರಿಯದಕ್ಕಿಂತ ಒಳ್ಳೆಯದು. ಮಗುವಿನ ಕೈ ಒಳಗೆ ಬಂದಾಗಲೆಲ್ಲ ಆಟೊಫೋಕಸ್ ಕೈಯನ್ನು ಹಿಡಿದು ಗೊಂಬೆಯನ್ನು ಬಿಡುತ್ತದೆ.

ಮಿಂಚು

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮಕ್ಕಳು ಸ್ಟಾಪ್ ಮೋಷನ್ ಬಿಟ್ಟುಬಿಡುವುದು ಹೆಚ್ಚಾಗಿ ಇಲ್ಲೇ: ನೂರು ಫೋಟೊ ತೆಗೆದು, ಓಡಿಸಿ ನೋಡಿ, ಗೊಂಬೆಗಿಂತ ಬೆಳಕೇ ಕುಣಿಯುವುದನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಫೋನಿನ ಕ್ಯಾಮೆರಾ ಪ್ರತಿ ಫೋಟೊಗೂ ಬೆಳಕು, ಬಣ್ಣ, ಫೋಕಸ್ ಮೂರನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಗೊಂಬೆ ಒಂದಿಷ್ಟು ಸರಿದರೂ ಅದರ ತೀರ್ಮಾನ ಬದಲಾಗುತ್ತದೆ. ಒಂಟಿ ಫೋಟೊದಲ್ಲಿ ತಿಳಿಯದ ಈ ವ್ಯತ್ಯಾಸ ಸೆಕೆಂಡಿಗೆ ಹತ್ತು ಫೋಟೊ ಓಡುವಾಗ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ‘ಪ್ರೊ’ ಮೋಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವುದು) 100 ಅಥವಾ 200, ಶಟರ್ 1/50 ಸೆಕೆಂಡು, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಯಾವುದಾದರೂ ಒಂದು ಸ್ಥಿರ ಸಂಖ್ಯೆಗೆ, ಫೋಕಸ್ ಕೈಯಿಂದ. ಚಿತ್ರ ಕಪ್ಪಾದರೆ ಐಎಸ್‌ಒ ಏರಿಸುವ ಮೊದಲು ದೀಪವನ್ನು ಹತ್ತಿರ ತನ್ನಿ. ಪ್ರೊ ಮೋಡ್ ಇಲ್ಲದಿದ್ದರೆ ಗೊಂಬೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ, ಅನೇಕ ಫೋನುಗಳಲ್ಲಿ ಬೀಗದ ಗುರುತು ಬಂದು ಬೆಳಕು ಮತ್ತು ಫೋಕಸ್ ಅಲ್ಲಿಗೇ ನಿಲ್ಲುತ್ತವೆ. ಆದರೆ ಪರದೆ ಆರಿದರೆ ಅಥವಾ ಆ್ಯಪ್ ಮುಚ್ಚಿದರೆ ಆ ಬೀಗ ಬಿಟ್ಟುಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪರದೆ ಆರುವ ಸಮಯವನ್ನು ಇರುವಷ್ಟು ಹೆಚ್ಚಿಸಿಕೊಳ್ಳಿ. ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ಬೀಗವೂ ಹೋಗುತ್ತದೆ, ಫೋನ್ ನಡುಗಿ ಜಾಗವೂ ತಪ್ಪುತ್ತದೆ.

1/50 ಏಕೆ? ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫೋಟೊಗೂ ಪೂರ್ತಿ ಮಿನುಗುಗಳೇ ಸಿಗುತ್ತವೆ, ಬೆಳಕು ಸಮ ಇರುತ್ತದೆ. 1/60, 1/125 ಆದರೆ ಅರ್ಧಂಬರ್ಧ ಮಿನುಗು ಸಿಕ್ಕಿ ಒಂದು ಫೋಟೊ ಬೆಳ್ಳಗೆ, ಮತ್ತೊಂದು ಮಬ್ಬು. ವೆಬ್‌ಕ್ಯಾಮ್‌ನ ಸೆಟ್ಟಿಂಗ್‌ಗಳಲ್ಲಿ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಅಥವಾ ‘ಆ್ಯಂಟಿ ಫ್ಲಿಕರ್’ ಎಂಬ ಆಯ್ಕೆ ಇರುತ್ತದೆ. ಅದು 60ರಲ್ಲಿದ್ದರೆ 50ಕ್ಕೆ ತನ್ನಿ. ಅಲ್ಲೇ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್‌ಗಳ ಪಕ್ಕದ ‘ಆಟೊ’ ಟಿಕ್ ತೆಗೆದುಬಿಡಿ.

ಉಳಿದದ್ದು ಕೋಣೆಯದು. ಕಿಟಕಿಯ ಬೆಳಕು ನಂಬಬೇಡಿ, ಒಂದು ಮೋಡ ಸಾಕು ಹಾಳುಮಾಡಲು, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪರದೆ ಎಳೆದು, ಟೇಬಲ್ ಲ್ಯಾಂಪಿನಲ್ಲಿ ಒಂದು 9 ವಾಟ್ ಎಲ್‌ಇಡಿ ಹಾಕಿ, ಅದರ ಮುಂದೆ ಒಂದು ಅಡಿ ದೂರದಲ್ಲಿ ಬಟರ್ ಪೇಪರ್ ಹಿಡಿಸಿ. ನೆರಳು ಮೆತ್ತಗಾಗುತ್ತದೆ. ಮೇಲಿನ ಫ್ಯಾನ್ ನಿಲ್ಲಿಸಿ: ಕಾಗದ ಅಲುಗುವುದು ಒಂದು ಕಡೆಯಾದರೆ, ಫ್ಯಾನಿನ ಮೇಲಿನ ದೀಪ ಉರಿಯುತ್ತಿದ್ದರೆ ರೆಕ್ಕೆಗಳ ನೆರಳು ಗೊಂಬೆಯ ಮೇಲೆ ಹಾದುಹೋಗುತ್ತಿರುತ್ತದೆ. ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾದಾಗ ಬಲ್ಬಿನ ಬೆಳಕು ಸ್ವಲ್ಪ ಬದಲಾಗಬಹುದು, ಆಗ ಆ ಶಾಟ್ ನಿಲ್ಲಿಸಿ ಕರೆಂಟು ಬಂದ ಮೇಲೆ ಮುಂದುವರಿಸಿ. ಮಗಳು ಗಾಢ ಬಣ್ಣದ ಅಂಗಿ ಹಾಕಿಕೊಳ್ಳಲಿ, ಪ್ರತಿ ಕ್ಲಿಕ್ಕಿಗೂ ಒಂದೇ ಜಾಗದಲ್ಲಿ ಕೂರಲಿ. ಬಿಳಿ ಅಂಗಿಯಲ್ಲಿ ಬಗ್ಗಿ ಎದ್ದರೆ ಅದರಿಂದ ಪ್ರತಿಫಲಿಸಿದ ಬೆಳಕೇ ಗೊಂಬೆಯ ಮುಖದಲ್ಲಿ ಏರಿಳಿಯುತ್ತದೆ.

ಕ್ಯಾಮೆರಾ ಅಲುಗದಿರುವುದು ಇಷ್ಟೇ ಮುಖ್ಯ. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಗೆ ಫೋನನ್ನು ಅಗಲದ ರಬ್ಬರ್‌ ಬ್ಯಾಂಡಿನಿಂದ ಅಡ್ಡಲಾಗಿ ಬಿಗಿಯಿರಿ. ಡಬ್ಬಿಯ ಸುತ್ತ ಮೇಜಿನ ಮೇಲೆ ಟೇಪ್ ಗುರುತು ಹಾಕಿ. ಫೋನಿನ ಪರದೆ ಮುಟ್ಟಿ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಕೂದಲೆಳೆಯಷ್ಟು ಜರುಗುತ್ತದೆ. ವೈರ್ ಇರುವ ಇಯರ್‌ಫೋನ್ ಚುಚ್ಚಿ ಅದರ ವಾಲ್ಯೂಮ್ ಗುಂಡಿ ಒತ್ತಿ ನೋಡಿ, ಬಹಳಷ್ಟು ಫೋನುಗಳಲ್ಲಿ ಅದೇ ಶಟರ್ ಆಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ 2 ಅಥವಾ 3 ಸೆಕೆಂಡಿನ ಟೈಮರ್ ಇಡಿ.

ಮೂವಿ ಮೇಕರ್ ಏಕೆ ನಿಂತಿತು

ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಫೈಲಾಗಿ 3–4 ಎಂಬಿ ಇರಬಹುದು. ತೆರೆದಾಗ ಅದು 4000×3000 ಚುಕ್ಕೆಗಳು, ಒಂದೊಂದಕ್ಕೆ 3 ಬೈಟ್, ಒಟ್ಟು 36 ಎಂಬಿ. ಇಂಥ 80 ಫೋಟೊ ಎಂದರೆ ಸುಮಾರು 2,900 ಎಂಬಿ. ನಿಮ್ಮಲ್ಲಿರುವುದೇ 2 ಜಿಬಿ ರ‍್ಯಾಮ್, ಅದರಲ್ಲಿ ವಿಂಡೋಸ್‌ಗೂ ಪಾಲು ಬೇಕು. ಅದೇ ಫೋಟೊವನ್ನು 1280×720ಕ್ಕೆ ಇಳಿಸಿದರೆ ಒಂದಕ್ಕೆ 2.8 ಎಂಬಿಗೂ ಕಡಿಮೆ, ಎಂಬತ್ತೂ ಸೇರಿ ಸುಮಾರು 220 ಎಂಬಿ. ಹಳೆ ಲ್ಯಾಪ್‌ಟಾಪ್ ಇದನ್ನು ಆರಾಮವಾಗಿ ಹೊರುತ್ತದೆ. ಚಿತ್ರದ ಗುಣಮಟ್ಟ ಹೋಗುತ್ತದೆ ಎನ್ನುವ ಚಿಂತೆ ಬೇಡ. ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್ ಕೂಡ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ. 48, 108 ಎಂಬ ಮೆಗಾಪಿಕ್ಸೆಲ್ ಸಂಖ್ಯೆಗಳಿಂದ ಇಲ್ಲಿ ಯಾವ ಲಾಭವೂ ಇಲ್ಲ. ಫೋನಿನ ಕ್ಯಾಮೆರಾದಲ್ಲಿ 16:9 ಅನುಪಾತ ಮತ್ತು ಇರುವುದರಲ್ಲೇ ಸಣ್ಣ ಗಾತ್ರ ಆಯ್ದುಕೊಳ್ಳಿ.

ಗಾತ್ರ ಇಳಿಸಲು ಇರ್ಫಾನ್‌ವ್ಯೂ ಎಂಬ ಪುಟ್ಟ ಪ್ರೋಗ್ರಾಂ ಸಾಕು. ಮನೆ ಬಳಕೆಗೆ ಉಚಿತ, ಹಳೆ ವಿಂಡೋಸ್‌ನಲ್ಲೂ ಓಡುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಅದರ ಅಧಿಕೃತ ತಾಣದಿಂದ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಅದರ ಬ್ಯಾಚ್ ಕನ್ವರ್ಷನ್ ಕಿಟಕಿಯಲ್ಲಿ ಎಲ್ಲ ಫೋಟೊಗಳನ್ನು ಸೇರಿಸಿ, ಅಡ್ವಾನ್ಸ್ಡ್ ಆಯ್ಕೆಯಲ್ಲಿ ಗಾತ್ರ ಕೊಟ್ಟು, ಬೇರೆ ಫೋಲ್ಡರ್‌ಗೆ ಉಳಿಸಿ. ಮೂಲ ಫೋಟೊಗಳನ್ನು ಮುಟ್ಟಬೇಡಿ. ಅದೇ ಕಿಟಕಿಯಲ್ಲಿ ಹೆಸರನ್ನೂ ಬದಲಿಸಬಹುದು, ನಾಲ್ಕಂಕಿಯ ಕ್ರಮಸಂಖ್ಯೆ ಕೊಡಿ: 0001, 0002, 0003. ಬರೀ 1, 2, 3 ಎಂದಿಟ್ಟರೆ ಕೆಲವು ಹಳೆ ಪ್ರೋಗ್ರಾಂಗಳು ಅಕ್ಷರಕ್ರಮದಲ್ಲಿ ಓದಿ 1, 10, 11, 2 ಎಂದು ಜೋಡಿಸುತ್ತವೆ, ಗೊಂಬೆ ಹಿಂದೆಮುಂದೆ ಹಾರಾಡುತ್ತದೆ.

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಬದಲಿಸಿ. ಯೂನಿಕೋಡ್ ತಿಳಿಯದ ಹಳೆ ಪ್ರೋಗ್ರಾಂಗಳಿಗೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ, ಫೈಲ್ ಸಿಗಲಿಲ್ಲ ಎಂದು ಕೈಚೆಲ್ಲುತ್ತವೆ. ಮಗಳು ಪ್ರೀತಿಯಿಂದ ಇಟ್ಟ ಕನ್ನಡ ಹೆಸರು ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಬರಲಿ: ಕಾಗದದ ಮೇಲೆ ಬರೆದು, ಅದನ್ನೇ ಫೋಟೊ ತೆಗೆದು ಮೊದಲ ಫ್ರೇಮ್ ಮಾಡಿ. ಸಾಫ್ಟ್‌ವೇರ್‌ನ ಕನ್ನಡ ಫಾಂಟಿನ ತಲೆನೋವೂ ತಪ್ಪುತ್ತದೆ.

ಇನ್ನೆರಡು ತೊಡಕುಗಳು ಸಾಮಾನ್ಯ. ಐಫೋನ್ ಆದರೆ ಫೋಟೊಗಳು ಹೈಕ್ ಎಂಬ ಹೊಸ ಮಾದರಿಯಲ್ಲಿ ಬರುತ್ತವೆ, ಮೂವಿ ಮೇಕರ್‌ಗೆ ಅದು ತಿಳಿಯದು. ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದರೆ ಜೆಪಿಜಿ ಬರುತ್ತದೆ. ಫೋನನ್ನು ನೆಲದತ್ತ ಮುಖಮಾಡಿ ತೆಗೆಯುವಾಗ ಅಡ್ಡವೋ ಉದ್ದವೋ ಎಂದು ಅದಕ್ಕೇ ಗೊಂದಲವಾಗಿ ಕೆಲವು ಫೋಟೊ ತಿರುಗಿ ಕೂರುತ್ತವೆ. ಮೊದಲ ಎರಡು ಫೋಟೊ ತೆಗೆದು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿಯೇ ಮುಂದುವರಿಯಿರಿ.

ಇನ್ನು 7 ಸೆಕೆಂಡು. ಮೂವಿ ಮೇಕರ್‌ಗೆ ಫೋಟೊ ಎಂದರೆ ಮದುವೆ ಆಲ್ಬಮ್ಮಿನ ಸ್ಲೈಡ್ ಷೋ, ಅದಕ್ಕೇ ಅಷ್ಟು ಹೊತ್ತು ನಿಲ್ಲಿಸುತ್ತದೆ. ಎಲ್ಲ ಫೋಟೊ ಸೇರಿಸಿದ ಮೇಲೆ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದು, ಎಡಿಟ್ ಪಟ್ಟಿಯ ಡ್ಯೂರೇಷನ್ ಜಾಗದಲ್ಲಿ 0.10 ಎಂದು ಟೈಪಿಸಿ. ಸೆಕೆಂಡಿಗೆ 10 ಫೋಟೊ ಆಯಿತು. ಹಳೆ ಲ್ಯಾಪ್‌ಟಾಪ್‌ನಲ್ಲಿ ಪ್ರಿವ್ಯೂ ತಡವರಿಸುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ. ಸೇವ್ ಮಾಡಿದ ಫೈಲನ್ನೇ ನೋಡಿ. ಮೂವಿ ಮೇಕರ್‌ನ 2012ರ ಆವೃತ್ತಿ ನಿಮ್ಮದಾಗಿದ್ದರೆ ಅದು ಎಂಪಿ4 ಆಗಿಯೇ ಉಳಿಸುತ್ತದೆ, ಯಾವ ಫೋನಿನಲ್ಲೂ ಓಡುತ್ತದೆ.

ಮಂಕಿಜ್ಯಾಮ್‌ನ ಎವಿಐ ಓಡದಿರುವುದಕ್ಕೂ ಇಲ್ಲೇ ಪರಿಹಾರವಿದೆ. ಎವಿಐ ಎನ್ನುವುದು ಹೊರಗಿನ ಡಬ್ಬಿ ಮಾತ್ರ. ಒಳಗೆ ಚಿತ್ರ ಕುಗ್ಗಿಸದೆ ಹಾಗೇ ಇರಬಹುದು, ಅಥವಾ ಫೋನ್ ಎಂದೂ ಕಾಣದ ಹಳೆ ಕೊಡೆಕ್‌ನಲ್ಲಿರಬಹುದು. 640×480ರ ಕುಗ್ಗಿಸದ ಚಿತ್ರ ಸೆಕೆಂಡಿಗೆ 10 ಫ್ರೇಮಿನಂತೆ ಓಡಿದರೆ ಅರ್ಧ ನಿಮಿಷಕ್ಕೇ ಸುಮಾರು 275 ಎಂಬಿ. ಆ ಫೈಲ್ ಜೊತೆ ಗುದ್ದಾಡುವ ಬದಲು, ಮಂಕಿಜ್ಯಾಮ್ ತೆಗೆದ ಬಿಡಿ ಚಿತ್ರಗಳು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ, ಅವನ್ನೇ ಮೂವಿ ಮೇಕರ್‌ಗೆ ಸೇರಿಸಿ ಎಂಪಿ4 ಮಾಡಿಕೊಳ್ಳಿ. ಬರೀ ನೋಡಿದರೆ ಸಾಕು ಎಂದಾದರೆ ಫೋನಿಗೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಹಾಕಿ, ಅದು ಇಂಥ ಹಳೆ ಕೊಡೆಕ್‌ಗಳನ್ನು ಬಹುಮಟ್ಟಿಗೆ ಓದುತ್ತದೆ.

ಮಗಳು ಏನು ಮಾಡಬೇಕು

ಮೊದಲ ದಿನ ಮಣ್ಣಿನ ಗೊಂಬೆ ನಡೆಸುವುದು ಬೇಡ. ಎರಡು ಕಾಲಿನ ಮೇಲೆ ನಡೆಯುವುದು ಅನಿಮೇಷನ್‌ನಲ್ಲಿ ಅತಿ ಕಷ್ಟದ ಕೆಲಸಗಳಲ್ಲಿ ಒಂದು, ನಿಲ್ಲದ ಗೊಂಬೆ ಹತ್ತನೇ ಫೋಟೊಗೆ ಮಗುಚಿಬೀಳುತ್ತದೆ. ಅಂಗಿಯ ಒಂದು ದೊಡ್ಡ ಗುಂಡಿ, ಒಂದು ಬಿಳಿ ಹಾಳೆ, ಒಂದು ಸ್ಕೇಲ್ ಕೊಡಿ.

ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ 10 ಮಿ.ಮೀ.ಗೊಂದರಂತೆ ಗೆರೆ ಹಾಕಲಿ. ಗುಂಡಿಯನ್ನು ಒಂದೊಂದು ಗೆರೆಗೆ ಸರಿಸುತ್ತ ಹತ್ತು ಸಲ ಸರಿಸಿ, ಪ್ರತಿ ಸಲವೂ ಒಂದು ಫೋಟೊ. ಗುಂಡಿ ಒಂದು ಸೆಕೆಂಡಿನಲ್ಲಿ 100 ಮಿ.ಮೀ. ಹೋಗುತ್ತದೆ, ಆದರೆ ಯಾರೋ ದಾರ ಕಟ್ಟಿ ಎಳೆದಂತೆ ಕಾಣುತ್ತದೆ. ಎರಡನೇ ಸಲ ಅದೇ 100 ಮಿ.ಮೀ.ಯನ್ನು ಬೇರೆ ರೀತಿ ಹಂಚಿಕೊಳ್ಳಲಿ: 2, 5, 9, 14, 20, 20, 14, 9, 5, 2. ಅದೇ ದೂರ, ಅದೇ ಹತ್ತು ಫೋಟೊ, ಅದೇ ಒಂದು ಸೆಕೆಂಡು. ಈ ಸಲ ಗುಂಡಿ ಮೆಲ್ಲಗೆ ಹೊರಟು, ವೇಗ ಹಿಡಿದು, ನಿಧಾನವಾಗಿ ನಿಲ್ಲುತ್ತದೆ. ಅದಕ್ಕೆ ತೂಕ ಬಂದಿರುತ್ತದೆ, ತಾನೇ ಮನಸ್ಸು ಮಾಡಿ ಹೊರಟ ಹಾಗೆ ಕಾಣುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಓಡಿಸಿ ಮಗಳಿಗೆ ತೋರಿಸಿ, ಏನನ್ನೂ ವಿವರಿಸಬೇಡಿ. ವ್ಯತ್ಯಾಸ ಅವಳೇ ಹೇಳುತ್ತಾಳೆ.

ಮೂರನೇ ಸಲ ಮೂವಿ ಮೇಕರ್‌ನಲ್ಲಿ ಮೊದಲ ಮತ್ತು ಕೊನೆಯ ಫೋಟೊಗಳ ಅವಧಿ ಮಾತ್ರ 0.50 ಮಾಡಿ. ಚಲನೆಗೆ ಮೊದಲು ಒಂದು ನಿಲುಗಡೆ, ಆಮೇಲೆ ಒಂದು ನಿಲುಗಡೆ. ನೋಡುವವರ ಕಣ್ಣಿಗೆ ಗುಂಡಿ ಎಲ್ಲಿದೆ ಎಂದು ಹುಡುಕಲು ಸಮಯ ಸಿಗುತ್ತದೆ. ಹೊಸಬರ ಚಿತ್ರಗಳು ಗಡಿಬಿಡಿಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಈ ನಿಲುಗಡೆ ಇಲ್ಲದಿರುವುದು, ಫ್ರೇಮ್ ಕಡಿಮೆಯಾದದ್ದಲ್ಲ. ಸೆಕೆಂಡಿಗೆ 24 ಬೇಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ವೃತ್ತಿಪರರೂ ಎಷ್ಟೋ ಕಡೆ ಒಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದು ಸೆಕೆಂಡಿಗೆ 12ರಲ್ಲೇ ಕೆಲಸ ಮುಗಿಸುತ್ತಾರೆ. ಮಕ್ಕಳಿಗೆ 10 ಅನುಕೂಲ, ಲೆಕ್ಕ ಬಾಯಲ್ಲೇ ಆಗುತ್ತದೆ.

ಗುಂಡಿಯ ನಂತರ ಕಾಗದದ ಗೊಂಬೆ. ನಮ್ಮ ತೊಗಲುಗೊಂಬೆಗಳಲ್ಲಿ ಕೈಕಾಲು ಬೇರೆ ಬೇರೆ ಕತ್ತರಿಸಿ ಕೀಲಿನಲ್ಲಿ ದಾರ ಹಾಕಿ ಗಂಟು ಕಟ್ಟಿರುತ್ತಾರಲ್ಲ, ಹಾಗೆ ದಪ್ಪ ರಟ್ಟಿನಲ್ಲಿ ಮಾಡಲಿ. ನೆಲದ ಮೇಲೆ ಮಲಗಿಸಿ, ಎರಡು ಕಡೆ ಪುಸ್ತಕದ ರಾಶಿ ಇಟ್ಟು, ಮೇಲೊಂದು ಹಲಗೆ ಹಾಕಿ, ಅದರಾಚೆ ಕ್ಯಾಮೆರಾ ಭಾಗ ಮಾತ್ರ ಚಾಚುವಂತೆ ಫೋನನ್ನು ಟೇಪಿನಿಂದ ಬಿಗಿಯಿರಿ. ಮಲಗಿದ ಗೊಂಬೆ ಬೀಳುವುದಿಲ್ಲ, ಹಾರಬಹುದು, ಈಜಬಹುದು, ಮರ ಹತ್ತಬಹುದು. ಒಂಬತ್ತು ವರ್ಷದವರ ಕಥೆಗಳಿಗೆ ಮಣ್ಣಿಗಿಂತ ಇದೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಣ್ಣೇ ಬೇಕು ಎಂದರೆ ಒಣಗದ ಪ್ಲಾಸ್ಟಿಸಿನ್ ತನ್ನಿ. ಗಣಪತಿ ಮಾಡುವ ಜೇಡಿಮಣ್ಣು ಶೂಟಿಂಗ್ ನಡುವೆಯೇ ಬಿರುಕು ಬಿಡುತ್ತದೆ. ಗೊಂಬೆ 10 ಸೆಂ.ಮೀ. ಮೀರದಿರಲಿ, ಪಾದ ದೊಡ್ಡದಿರಲಿ, ತಲೆಯೊಳಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಇಟ್ಟು ಮೇಲೆ ತೆಳುವಾಗಿ ಮೆತ್ತಿದರೆ ಹಗುರಾಗುತ್ತದೆ. ಕೈಕಾಲಿಗೆ 1.5 ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು ಎರಡೆಳೆ ಹೊಸೆದು ಹಾಕಿ. ಕಟ್ಟಡ ಕೆಲಸದ ಕಬ್ಬಿಣದ ಬೈಂಡಿಂಗ್ ವೈರ್ ಬಗ್ಗಿಸಿದ ಜಾಗದಿಂದ ತುಸು ವಾಪಸ್ ಚಿಮ್ಮುತ್ತದೆ. ತಂತಿಯ ತುದಿಗಳನ್ನು ಒಳಕ್ಕೆ ಮಡಚಿ ನೀವೇ ಕತ್ತರಿಸಿಕೊಡಿ. ಬೇಸಿಗೆಯಲ್ಲಿ ಮಣ್ಣು ಮೆತ್ತಗಾದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಗೊಂಬೆ ನಿಲ್ಲಿಸಲು ಪಾದಕ್ಕೆ ಪುಟ್ಟ ಶಕ್ತಿಶಾಲಿ ಮ್ಯಾಗ್ನೆಟ್ ಹಾಕುವ ಉಪಾಯ ಹೇಳುವವರಿದ್ದಾರೆ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಖಂಡಿತ ಬೇಡ. ಅಂಥ ಎರಡು ಮ್ಯಾಗ್ನೆಟ್ ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ಹಿಡಿದುಕೊಂಡು ತೂತು ಮಾಡಬಲ್ಲವು. ದಪ್ಪ ಥರ್ಮೋಕೋಲ್ ನೆಲಕ್ಕೆ ಗುಂಡುಪಿನ್ನು ಚುಚ್ಚಿ ನಿಲ್ಲಿಸುವುದೇ ಸಾಕು.

ಒಂದು ಸಲಕ್ಕೆ ಅರ್ಧ ಗಂಟೆ, 40–50 ಫೋಟೊ ಈ ವಯಸ್ಸಿಗೆ ಸರಿ. ತಪ್ಪಿ ಕೈ ಬಿದ್ದ ಫೋಟೊ ಇದ್ದರೆ ಆಮೇಲೆ ತೆಗೆಯಬಹುದು, ನಡುವೆ ತಿದ್ದಬೇಡಿ. ಗೊಂಬೆಯನ್ನು ನೀವು ಸರಿಸಬೇಡಿ, ಕ್ಲಿಕ್ ಗುಂಡಿ ಬೇಕಾದರೆ ಒತ್ತಿ. ತಾಳ್ಮೆಯ ಆಟ ಬೇಕೆಂದರೆ ಬಟ್ಟಲಿನಲ್ಲಿ ಒದ್ದೆ ಹತ್ತಿಯ ಮೇಲೆ ಹೆಸರುಕಾಳು ಹಾಕಿ ಮೊಳಕೆ ಬರುವುದನ್ನು ಗಂಟೆಗೊಂದು ಫೋಟೊದಂತೆ ಹಿಡಿಯಲಿ. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಕುಂಡದಲ್ಲಿ ಬಟಾಣಿ ಬೆಳೆಸಿ, ದಿನಕ್ಕೊಂದು ಫ್ರೇಮ್ ತೆಗೆದು, ಗಿಡ ಏಳುವುದನ್ನು ಪರದೆಯ ಮೇಲೆ ತೋರಿಸಿದ್ದರು.

ಯಾವ ದಾರಿ ಹಿಡಿಯಬಹುದು

ನಿಮ್ಮ ಜಾಗದಲ್ಲಿದ್ದರೆ ನಾನು ಮಾಡುವುದು ಇದು: ವೆಬ್‌ಕ್ಯಾಮ್ ಸರಿಹೋದರೆ ಅಭ್ಯಾಸವೆಲ್ಲ ಮಂಕಿಜ್ಯಾಮ್‌ನಲ್ಲಿ. ದೊಡ್ಡ ಪರದೆಯಲ್ಲಿ ಆನಿಯನ್ ಸ್ಕಿನ್ ಕಾಣುತ್ತದೆ, ಕೈ ಖಾಲಿ ಇರುತ್ತದೆ. ಚಿತ್ರ 640×480 ಮಾತ್ರ, ಕಲಿಕೆಗೆ ಅದು ಸಾಲುತ್ತದೆ. ಕಥೆ ಇರುವ ಚಿತ್ರ ಮಾಡುವಾಗ ಫೋನಿನಲ್ಲಿ ತೆಗೆದು, ಗಾತ್ರ ಇಳಿಸಿ, ಮೂವಿ ಮೇಕರ್‌ನಲ್ಲಿ ಜೋಡಿಸುವುದು.

ಲ್ಯಾಪ್‌ಟಾಪ್ ಬಿಟ್ಟು ಫೋನಿನಲ್ಲೇ ಎಲ್ಲ ಮಾಡುವುದು ಎರಡನೇ ದಾರಿ. ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆ್ಯಪ್‌ನ ಉಚಿತ ಆವೃತ್ತಿಯಲ್ಲಿ ಆನಿಯನ್ ಸ್ಕಿನ್ ಇದೆ, ತೆಗೆದ ಕೂಡಲೇ ಓಡಿಸಿ ನೋಡಬಹುದು. ಶುರುಮಾಡಲು ಇದೇ ಸುಲಭ. ತೊಂದರೆ ಏನೆಂದರೆ ಫೋಟೊಗಳು ಆ್ಯಪ್‌ನ ಒಳಗೇ ಉಳಿಯುತ್ತವೆ. ಫೋನಿನಲ್ಲಿ ಜಾಗ ಇಲ್ಲ ಎಂದು ಯಾರೋ ಆ್ಯಪ್ ಅಳಿಸಿದರೆ ತಿಂಗಳ ಕೆಲಸ ಹೋಯಿತು. ಮುಗಿದ ಚಿತ್ರವನ್ನು ಅಂದೇ ಹೊರಗೆ ಉಳಿಸಿಡಿ. ಅದೇ ಫೋನಿನಲ್ಲಿ ಗೇಮ್, ರೀಲ್ಸ್ ಕೂಡ ಇರುವುದರಿಂದ ನಿಮ್ಮ ಹಳೆಯ, ಸಿಮ್ ಇಲ್ಲದ ಫೋನ್ ಇದ್ದರೆ ಒಳ್ಳೆಯದು. ಆದರೆ ತುಂಬ ಹಳೆ ಆ್ಯಂಡ್ರಾಯ್ಡ್‌ಗೆ ಈಗಿನ ಆ್ಯಪ್ ಸಿಗದೆಯೂ ಹೋಗಬಹುದು.

ಮೂರನೆಯದು ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದು. ಭದ್ರತೆಯ ಸಮಸ್ಯೆ ತೀರುತ್ತದೆ, ಲಿನಕ್ಸ್ ಸ್ಟಾಪ್‌ಮೋಷನ್‌ನಂಥ ಉಚಿತ ಪ್ರೋಗ್ರಾಂಗಳೂ ಇವೆ. ಆದರೆ ಮೂವಿ ಮೇಕರ್ ಹೋಗುತ್ತದೆ, 2 ಜಿಬಿಯಲ್ಲಿ ಹೊಸ ಲಿನಕ್ಸ್‌ಗಳೂ ಏದುಸಿರು ಬಿಡುತ್ತವೆ, 32 ಬಿಟ್ ಪ್ರೊಸೆಸರ್‌ಗೆ ಬೆಂಬಲ ಒಂದೊಂದಾಗಿ ನಿಲ್ಲುತ್ತಿದೆ. ಗೊತ್ತಿರುವವರು ಪಕ್ಕದಲ್ಲಿದ್ದರೆ ಮಾತ್ರ ಕೈಹಾಕಿ. ಮೊದಲು ಲ್ಯಾಪ್‌ಟಾಪ್‌ನ ಫೋಟೊ, ಕಾಗದಪತ್ರಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿ.

ಹೊಸ ಕಂಪ್ಯೂಟರ್ ಬೇಕಾಗುವ ಕಾಲ ಬರಬಹುದು. ಮಗಳು ನಿಮಿಷಗಟ್ಟಲೆ ಉದ್ದದ ಚಿತ್ರ ಮಾಡತೊಡಗಿ, ಹಲವು ಪದರಗಳನ್ನು ಸೇರಿಸಬೇಕು, ಗೊಂಬೆಗೆ ಆಸರೆ ಕೊಟ್ಟ ಕಡ್ಡಿಯನ್ನು ಚಿತ್ರದಿಂದ ಅಳಿಸಬೇಕು, ತುಟಿ ಚಲನೆಯನ್ನು ಧ್ವನಿಗೆ ಹೊಂದಿಸಬೇಕು ಎಂದು ಅವಳೇ ಕೇಳಿದಾಗ ಯೋಚಿಸಿ. ಆಗಲೂ ಮೊದಲ ದುಡ್ಡು ಗಟ್ಟಿ ಟ್ರೈಪಾಡಿಗೆ ಮತ್ತು ಎರಡು ಒಳ್ಳೆಯ ದೀಪಗಳಿಗೆ ಹೋಗಲಿ. ಬೋಟ್ಸ್ ಅನಿಮೇಟರ್‌ನಂಥ ಉಚಿತ, ಮುಕ್ತ ಪ್ರೋಗ್ರಾಂಗಳು ಹೊಸ ಯಂತ್ರಗಳಿಗೆ ಸಿಗುವುದರಿಂದ ಶುಲ್ಕ ಕಟ್ಟುವ ಸಾಫ್ಟ್‌ವೇರ್ ಆಗಲೂ ಕಡ್ಡಾಯವೇನಲ್ಲ.

ಈಗ ನಿಮ್ಮ ಕೈಯಲ್ಲಿರುವ ಲ್ಯಾಪ್‌ಟಾಪ್ ಬಗ್ಗೆ ಕೊನೆಯದೊಂದು. ಅದನ್ನು ಮಗಳಿಗೆ ಕೊಡುವ ಮೊದಲು ತಿರುಗಿಸಿ ಬ್ಯಾಟರಿ ನೋಡಿ. ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮೇಜಿನ ಮೇಲೆ ಸಮ ಕೂರದೆ ತೂಗಾಡಿದರೆ ಬ್ಯಾಟರಿ ಊದಿದೆ, ಬೆಂಕಿಯ ಅಪಾಯವಿದೆ. ಚಾರ್ಜ್ ಮಾಡಬೇಡಿ. ಹೊರಗಿನಿಂದ ಕಳಚುವಂಥದ್ದಾದರೆ ಒತ್ತದೆ, ಚುಚ್ಚದೆ ತೆಗೆದಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ, ಒಳಗೇ ಕೂರಿಸಿದ ಬ್ಯಾಟರಿಯಾದರೆ ರಿಪೇರಿಯವರಿಂದ ತೆಗೆಸಿ. ಆ ಕಾಲದ ಬಹಳಷ್ಟು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೆಯೇ ಓಡುತ್ತವೆ. ಕರೆಂಟು ಹೋದರೆ ತಟ್ಟನೆ ಆರುತ್ತದೆ ಎನ್ನುವುದಷ್ಟೇ ತೊಂದರೆ, ಹಾಗಾಗಿ ಮೂವಿ ಮೇಕರ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಮತ್ತು ಎಸ್ ಒತ್ತುವುದನ್ನು ಮಗಳಿಗೆ ಮೊದಲ ದಿನವೇ ಹೇಳಿಕೊಡಿ.